ಬ್ಯಾಂಕಾಕ್‌ನಿಂದ: ಸ್ಪಾರಿಂಗ್‌ಗೆ ಯಾವ ಗ್ಲೌಸ್?

ಥಾಯ್ಲೆಂಡಿನ ಗುದ್ದು-ಒದೆಯ ಕಾಳಗ ಕಲೆ ಮುಯ್ ಥಾಯ್ ಕಲಿಯೋಣ ಅಂತ ಎರಡು ವಾರಕ್ಕೋ ಒಂದು ತಿಂಗಳಿಗೋ ಊರಿನಿಂದ ಇಲ್ಲಿಗೆ ಹೊರಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ನನ್ನ ಹತ್ರ 10 ಔನ್ಸ್ ಗ್ಲೌಸ್ ಇದೆ, ಅದೇ ಸಾಕಲ್ವಾ?’ ನೇತುಹಾಕಿದ ಬ್ಯಾಗಿಗೆ ಹೊಡೆಯಲು ಸಾಕು, ಕಲಿಸುವವರು ಹಿಡಿಯುವ ಪ್ಯಾಡಿಗೂ ಸಾಕು. ಸ್ಪಾರಿಂಗ್‌ಗೆ, ಅಂದರೆ ಜೊತೆಗಾರರ ಎದುರು ನಿಂತು ಆಡುವ ಅಭ್ಯಾಸದ ಕಾಳಗಕ್ಕೆ, ಸಾಲದು. ಬ್ಯಾಗಿಗೆ ಹೊಡೆಯುವಾಗ ಗ್ಲೌಸ್ ಕಾಯುವುದು ನಿಮ್ಮ ಕೈಯನ್ನು, ಸ್ಪಾರಿಂಗ್‌ನಲ್ಲಿ ಎದುರಿಗೆ ನಿಂತವರ ಮೂಗು, ಹಲ್ಲು, ಕಣ್ಣುಗಳನ್ನೂ ಅದೇ ಕಾಯಬೇಕು. ಒಂದೇ ಜೊತೆಯಲ್ಲಿ ಎರಡೂ ಕೆಲಸ ಮುಗಿಸಿಬಿಡೋಣ ಅಂದುಕೊಂಡಲ್ಲೇ ತಪ್ಪು ಶುರುವಾಗುತ್ತದೆ.

ಥಾಯ್ ಜಿಮ್‌ಗಳಲ್ಲಿ ಕಲಿಸುವವರನ್ನು ‘ಕ್ರೂ’ ಅನ್ನುತ್ತಾರೆ. ನಮ್ಮ ‘ಗುರು’ ಶಬ್ದವೇ ಅದು, ಸಂಸ್ಕೃತದಿಂದ ಇಲ್ಲಿಗೂ ಬಂದಿದೆ. ಸ್ಪಾರಿಂಗ್ ಶುರುವಾದ ಕೂಡಲೇ ಕ್ರೂ ಬಾಯಲ್ಲಿ ಬರುವ ಮಾತು ‘ಬಾವ್ ಬಾವ್’, ಅಂದರೆ ಮೆಲ್ಲಗೆ, ಮೆಲ್ಲಗೆ. ಇಲ್ಲಿನ ಹುಡುಗರು ಮೇಲಿಂದ ಮೇಲೆ ಪಂದ್ಯ ಆಡುವವರು. ಅಭ್ಯಾಸದಲ್ಲಿ ಮುಖ ಒಡೆದುಕೊಂಡು ಕೂತರೆ ಆ ಸಲದ ಸಂಪಾದನೆಯೇ ಹೋಯಿತು. ಹಾಗಾಗಿ ತೆಳುವಾದ, ಗಟ್ಟಿಯಾದ ಗ್ಲೌಸ್ ಹಾಕಿಕೊಂಡು ಸ್ಪಾರಿಂಗ್‌ಗೆ ಬಂದರೆ ಅದು ಅಗೌರವ. ಕೆಲವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮುಂದಿನ ಸುತ್ತಿಗೆ ನಿಮ್ಮ ಜೊತೆ ನಿಲ್ಲುವುದಿಲ್ಲ.

ಔನ್ಸ್ ಅನ್ನುವುದು ಗ್ಲೌಸಿನ ತೂಕ, ಕೈಯ ಅಳತೆಯಲ್ಲ. ಒಂದು ಔನ್ಸ್ ಸುಮಾರು 28 ಗ್ರಾಂ. 10 ಔನ್ಸಿನ ಒಂದು ಗ್ಲೌಸ್ ಸುಮಾರು 283 ಗ್ರಾಂ ತೂಗಿದರೆ 16 ಔನ್ಸಿನದು 454 ಗ್ರಾಂ. ಥಾಯ್ಲೆಂಡಿನ ವೃತ್ತಿಪರ ಪಂದ್ಯಗಳಲ್ಲಿ ಹಗುರ ತೂಕದವರಿಗೆ 6 ಔನ್ಸ್, ಅಲ್ಲಿಂದ ಮೇಲಕ್ಕೆ 8, 10. ಅದು ಪಂದ್ಯದ ಲೆಕ್ಕ. ಸ್ಪಾರಿಂಗ್‌ನಲ್ಲಿ 60 ಕಿಲೋಗಿಂತ ಕಡಿಮೆ ಇರುವವರು 14 ಔನ್ಸ್, 65–70 ಕಿಲೋ ದಾಟಿದವರು 16 ಔನ್ಸ್, 90ರ ಮೇಲಿನವರು ಸಿಕ್ಕರೆ 18 ಹಾಕಿಕೊಳ್ಳುವುದು ಒಳ್ಳೆಯದು. ನಡುವೆ ಸಂಶಯ ಬಂದರೆ ಭಾರದ್ದನ್ನೇ ತೆಗೆದುಕೊಳ್ಳಿ. ಜಿಮ್‌ನವರದ್ದೇ ನಿಯಮ ಇದ್ದರೆ ಅದೇ ಅಂತಿಮ.

2023ರ ಜನವರಿಯಲ್ಲಿ ಬ್ಯಾಂಕಾಕ್‌ನ ಲುಂಪಿನಿ ಸ್ಟೇಡಿಯಂನಲ್ಲಿ ಶುರುವಾದ ‘ಒನ್’ ಸಂಸ್ಥೆಯ ಶುಕ್ರವಾರದ ಪಂದ್ಯಗಳಲ್ಲಿ 4 ಔನ್ಸಿನ, ಬೆರಳು ಹೊರಗೆ ಕಾಣುವ ಗ್ಲೌಸ್ ಬಳಸುತ್ತಾರೆ. ಅದನ್ನು ನೋಡಿ ಅಂಥದ್ದೇ ಬೇಕು ಅನ್ನುವವರು ಹೆಚ್ಚಾಗಿದ್ದಾರೆ. ದಯವಿಟ್ಟು ಅದನ್ನು ಸ್ಪಾರಿಂಗ್‌ಗೆ ತರಬೇಡಿ. ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾಳಗ) ಅಭ್ಯಾಸಕ್ಕೆ ಬರುವವರಿಗೆ ಗೆಣ್ಣಿನ ಮೇಲೆ ದಪ್ಪ ಫೋಮ್ ಇರುವ 7 ಔನ್ಸಿನವು ಬೇರೆಯೇ ಸಿಗುತ್ತವೆ. ಅದರಲ್ಲೂ ಬೆರಳು ಚಾಚಿ ಕೈ ಮುಂದಿಟ್ಟರೆ ಎದುರಿನವರ ಕಣ್ಣಿಗೆ ಚುಚ್ಚುತ್ತದೆ.

ಬಾಕ್ಸಿಂಗ್ ಗ್ಲೌಸಿಗೂ ಮುಯ್ ಥಾಯ್ ಗ್ಲೌಸಿಗೂ ಇರುವ ವ್ಯತ್ಯಾಸ ಕೈ ತೂರಿಸಿದ ತಕ್ಷಣ ಗೊತ್ತಾಗುತ್ತದೆ. ಬಾಕ್ಸಿಂಗ್‌ನದ್ದರಲ್ಲಿ ಫೋಮ್ ಗೆಣ್ಣಿನ ಕಡೆ ಹೆಚ್ಚು, ಮಣಿಕಟ್ಟಿನ ಪಟ್ಟಿ ಉದ್ದ, ಬಿಗಿ. ಮುಯ್ ಥಾಯ್‌ನದ್ದರಲ್ಲಿ ಒದೆ ತಡೆಯಬೇಕಾದ್ದರಿಂದ ಕೈಯ ಹಿಂಭಾಗಕ್ಕೂ ಅಂಚಿಗೂ ಫೋಮ್ ಹರಡಿರುತ್ತದೆ. ಕಾಲು ಹಿಡಿಯಲು, ಕುತ್ತಿಗೆಗೆ ಕೈ ಹಾಕಲು ಅಂಗೈ ಬಿಚ್ಚಿಕೊಳ್ಳಬೇಕು, ಆದ್ದರಿಂದ ಅಂಗೈ ಮೃದು, ಮಣಿಕಟ್ಟಿನ ಪಟ್ಟಿ ಗಿಡ್ಡ. ಬೆಂಗಳೂರಿನಲ್ಲಿ ಬರೀ ಬಾಕ್ಸಿಂಗ್ ಮಾಡುವವರು ಥಾಯ್ ಗ್ಲೌಸ್ ಚೆನ್ನಾಗಿದೆ ಅಂತ ತರಿಸಿಕೊಂಡರೆ ಮಣಿಕಟ್ಟಿಗೆ ಆಧಾರ ಸಾಲದೆ ಹೋಗಬಹುದು. ಅಂಥವರು ಗ್ಲೌಸಿನೊಳಗೆ ಕೈಗೆ ಸುತ್ತುವ ಬಟ್ಟೆಪಟ್ಟಿಯನ್ನು ಮಣಿಕಟ್ಟಿಗೆ ಇನ್ನೆರಡು ಸುತ್ತು ಹೆಚ್ಚು ಸುತ್ತಿಕೊಳ್ಳಬೇಕು.

ಬ್ಯಾಂಕಾಕ್‌ನ ನ್ಯಾಷನಲ್ ಸ್ಟೇಡಿಯಂ ಸುತ್ತಮುತ್ತ ಕ್ರೀಡಾ ಸಾಮಾನಿನ ಅಂಗಡಿಗಳು ಸಾಲಾಗಿವೆ, ಎದುರಿಗೇ ಎಂಬಿಕೆ ಮಾಲ್. ಅಲ್ಲಿಗೆ ಹೋಗುವಾಗ ಕೈಗೆ ಸುತ್ತುವ ಪಟ್ಟಿ ಚೀಲದಲ್ಲಿರಲಿ. ಬರಿಗೈಗೆ ಸರಿಯಾಗಿ ಕೂತ ಗ್ಲೌಸ್ ಪಟ್ಟಿ ಸುತ್ತಿದ ಮೇಲೆ ಬಿಗಿಯಾಗುತ್ತದೆ. ಪಟ್ಟಿ ಸುತ್ತಿಕೊಂಡು, ಗ್ಲೌಸ್ ಹಾಕಿ, ವೆಲ್ಕ್ರೋ ಎಳೆದು ಮುಷ್ಟಿ ಕಟ್ಟಿ. ಬೆರಳ ತುದಿ ಮೇಲಿನ ಒಳಹೊಲಿಗೆಗೆ ಸುಮ್ಮನೆ ತಾಗಬೇಕು, ಮಡಚಿಕೊಳ್ಳಬಾರದು. ಒಳಗಿರುವ ಅಡ್ಡ ಹಿಡಿ ಬೆರಳುಗಳ ಮಡಿಕೆಯೊಳಗೆ ತಾನಾಗಿ ಬಂದು ಕೂರಬೇಕು. ಮುಷ್ಟಿ ಕಟ್ಟಲು ಬಲ ಹಾಕಬೇಕಾಗಿ ಬಂದರೆ ಆ ಜೊತೆ ಬೇಡ. ಎರಡನೇ ಸುತ್ತಿಗೆ ಮುಂಗೈ ಸೋತು ನಿಮಗೆ ಗೊತ್ತಿಲ್ಲದೆ ಒಳಗೆ ಬೆರಳು ಸಡಿಲವಾಗುತ್ತದೆ, ಆ ಅರ್ಧ ಮುಷ್ಟಿಯಲ್ಲಿ ಗುದ್ದು ಕೂತಾಗ ಪೆಟ್ಟು ನಿಮ್ಮ ಬೆರಳಿಗೇ. ಹೊಸ ಚರ್ಮ ಸ್ವಲ್ಪ ಗಡಸು ಇರುವುದು ಸಹಜ, ಐದಾರು ದಿನದ ಅಭ್ಯಾಸಕ್ಕೆ ಹದಕ್ಕೆ ಬರುತ್ತದೆ. ಒಳಗಿನ ಜಾಗ ಕಡಿಮೆ ಇರುವುದು ಮಾತ್ರ ಎಷ್ಟು ಬಳಸಿದರೂ ಸರಿಹೋಗುವುದಿಲ್ಲ.

ಬ್ರ್ಯಾಂಡ್‌ಗಳಲ್ಲಿ ಫೇರ್‌ಟೆಕ್ಸ್‌ನ ಬಿಜಿವಿ1 ಮಾದರಿ ಒಳಗೆ ಇಕ್ಕಟ್ಟು, ತೆಳ್ಳಗಿನ ಕೈಯವರಿಗೆ, ಹೆಣ್ಣುಮಕ್ಕಳಿಗೆ ಚೆನ್ನಾಗಿ ಕೂರುತ್ತದೆ. ಟ್ವಿನ್ಸ್‌ನ ಬಿಜಿವಿಎಲ್3ರಲ್ಲಿ ಜಾಗ ಜಾಸ್ತಿ, ಫೋಮ್ ದಪ್ಪ, ಸ್ಪಾರಿಂಗ್‌ಗೆ ಒಂದೇ ಹೆಸರು ಹೇಳಿ ಅಂದರೆ ಅದನ್ನೇ ಹೇಳಬೇಕು. ಅಗಲ ಅಂಗೈಯವರು ಟಾಪ್ ಕಿಂಗ್ ಹಾಕಿ ನೋಡಲಿ.

ಇನ್ನೆರಡು ಕಡೆ ಕಣ್ಣಿಡಿ. ವೆಲ್ಕ್ರೋ ಪೂರ್ತಿ ಮುಚ್ಚಿದ ಮೇಲೆ ಅದರ ಒರಟು ಭಾಗ ಒಂದು ಗೆರೆಯಷ್ಟೂ ಹೊರಗೆ ಉಳಿಯಬಾರದು, ಉಳಿದರೆ ಕ್ಲಿಂಚ್‌ನಲ್ಲಿ, ಅಂದರೆ ಒಬ್ಬರನ್ನೊಬ್ಬರು ಕುತ್ತಿಗೆ ಹಿಡಿದು ನಿಂತಾಗ, ಎದುರಿನವರ ಕುತ್ತಿಗೆ ಉಪ್ಪುಕಾಗದ ಉಜ್ಜಿದ ಹಾಗೆ ತರಚುತ್ತದೆ. ಮತ್ತೆ ಹೆಬ್ಬೆರಳು ಗ್ಲೌಸಿನ ಮೈಗೆ ಹೊಲಿಗೆಯಲ್ಲಿ ಕೂಡಿಕೊಂಡಿರಬೇಕು, ಬಿಡಿಯಾಗಿ ಅಲ್ಲಾಡುವ ಹೆಬ್ಬೆರಳು ಕಣ್ಣಿಗೆ ಹೋಗುತ್ತದೆ. ಲೇಸ್ ಇರುವ ಗ್ಲೌಸ್ ಮಣಿಕಟ್ಟನ್ನು ಚೆನ್ನಾಗಿ ಹಿಡಿದರೂ ಕಟ್ಟಲು ಇನ್ನೊಬ್ಬರು ಬೇಕು, ಗಂಟಿನ ಮೇಲೆ ಟೇಪ್ ಸುತ್ತಬೇಕು. ದಿನದ ಅಭ್ಯಾಸಕ್ಕೆ ವೆಲ್ಕ್ರೋ ವಾಸಿ.

ಊರಿನಲ್ಲೇ ಕೊಳ್ಳುವುದಾದರೂ ತೊಂದರೆಯಿಲ್ಲ. ಜಲಂಧರ್, ಮೀರತ್‌ನಲ್ಲಿ ತಯಾರಾಗುವವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಅಗ್ಗದ ರೆಕ್ಸಿನ್ ಗ್ಲೌಸಿನ ಮೇಲೆ ‘16’ ಅಂತ ಅಚ್ಚು ಇದ್ದರೆ ನಂಬಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿಟ್ಟು 454 ಗ್ರಾಂ ಹತ್ತಿರ ಬರುತ್ತದಾ ನೋಡಿ. ಬಂದರೂ ಮುಗಿಯಲಿಲ್ಲ. ತೂಕವೆಲ್ಲ ಮಣಿಕಟ್ಟಿನ ಪಟ್ಟಿಯಲ್ಲೂ ಒಳಬಟ್ಟೆಯಲ್ಲೂ ಇದ್ದು ಗೆಣ್ಣಿನ ಮೇಲೆ ಫೋಮ್ ತೆಳುವಾಗಿರಬಹುದು.

ಅದನ್ನು ಕಂಡುಹಿಡಿಯುವುದು ಹೆಬ್ಬೆರಳಿನಿಂದ. ಗ್ಲೌಸ್ ಹಾಕಿದ ಕೈಯ ತೋರುಬೆರಳು, ನಡುಬೆರಳಿನ ಗೆಣ್ಣಿನ ಮೇಲೆ ಇನ್ನೊಂದು ಕೈಯ ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿ. ಫೋಮ್ ತಗ್ಗಿ ಮತ್ತೆ ಉಬ್ಬಬೇಕು. ಒಳಗಿನ ಗೆಣ್ಣಿನ ಉಬ್ಬು ಕೈಗೆ ಸಿಕ್ಕರೆ ಆ ಗ್ಲೌಸ್ ಸ್ಪಾರಿಂಗ್‌ಗೆ ಸತ್ತ ಹಾಗೆ. ಬಳಸಿದ ಗ್ಲೌಸಿಗೂ ಇದೇ ಪರೀಕ್ಷೆ, ತಿಂಗಳಿಗೊಮ್ಮೆ ಮಾಡಿ. ಬ್ಯಾಗಿಗೆ ದಿನಾ ಹೊಡೆದ ಗ್ಲೌಸಿನಲ್ಲಿ ಮೊದಲು ಕುಸಿಯುವುದು ಈ ಎರಡು ಗೆಣ್ಣಿನ ಜಾಗವೇ, ಹೊರಗಿನ ಚರ್ಮ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಸ್ಪಾರಿಂಗ್‌ನ ಜೊತೆ ಹಳೆಯದಾದರೆ ಬ್ಯಾಗಿಗೆ ಬಳಸಿಕೊಳ್ಳಬಹುದು. ಬ್ಯಾಗಿನದನ್ನು ಸ್ಪಾರಿಂಗ್‌ಗೆ ತರುವುದು ಬೇಡ.

ಪಟ್ಟಿಯ ವಿಷಯಕ್ಕೆ ಬಂದರೆ, ದೊಡ್ಡವರಿಗೆ ನಾಲ್ಕೂವರೆ ಮೀಟರ್ ಬೇಕು. ಮೂರು ಮೀಟರಿನದು ಮಕ್ಕಳಿಗೆ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಬೆರಳೆಲ್ಲ ಅಗಲಿಸಿ ಹಿಡಿದು ಮಣಿಕಟ್ಟಿಗೆ ಮೂರು ಸುತ್ತು, ಅಂಗೈಗೆ ಮೂರು, ಆಮೇಲೆ ಕಿರುಬೆರಳಿನ ಸಂದಿನಿಂದ ಶುರುಮಾಡಿ ಪ್ರತಿ ಸಂದಿನಲ್ಲೂ ಒಮ್ಮೆ ತೂರಿಸಿ, ಹೆಬ್ಬೆರಳಿಗೊಂದು ಸುತ್ತು, ಗೆಣ್ಣುಗಳ ಮೇಲೆ ಮೂರು, ಉಳಿದದ್ದು ಮಣಿಕಟ್ಟಿಗೆ. ಬೆರಳು ಜೋಡಿಸಿಕೊಂಡು ಸುತ್ತಿದರೆ ಮುಷ್ಟಿ ಕಟ್ಟಿದಾಗ ರಕ್ತ ನಿಂತು ತುದಿ ಜೋಮು ಹಿಡಿಯುತ್ತದೆ. ಸಡಿಲವಾಗಿ ಸುತ್ತಿ ಹುಕ್ (ಪಕ್ಕದಿಂದ ಬೀಸುವ ಗುದ್ದು) ಹೊಡೆದರೆ ಕಿರುಬೆರಳಿನ ಕಡೆಯ ಅಂಗೈ ಮೂಳೆ ಗೆಣ್ಣಿನ ಕೆಳಗೇ ಮುರಿಯುವ ಅಪಾಯ ಹೆಚ್ಚು. ‘ಬಾಕ್ಸರ್ ಮೂಳೆಮುರಿತ’ ಅಂತ ವೈದ್ಯರು ಕರೆಯುವುದು ಇದನ್ನೇ.

ಬ್ಯಾಂಕಾಕ್‌ನ ಮಳೆಗಾಲದ ಗಾಳಿ ಮಂಗಳೂರಿನ ಆಟಿ ತಿಂಗಳಿನ ತೇವದ ಗಾಳಿಯೇ. ಬೆವೆತ ಗ್ಲೌಸನ್ನು ಚೀಲದಲ್ಲೇ ಬಿಟ್ಟರೆ ಬೇಗ ವಾಸನೆ ಹಿಡಿಯುತ್ತದೆ, ಹಾಗೇ ಬಿಟ್ಟರೆ ಬೂಷ್ಟು. ಅಭ್ಯಾಸ ಮುಗಿದ ಕೂಡಲೇ ಒಳಗೂ ಹೊರಗೂ ಒಣಬಟ್ಟೆಯಲ್ಲಿ ಒರೆಸಿ, ಬಾಯಿ ಅಗಲಿಸಿ ಫ್ಯಾನ್ ಕೆಳಗಿಡಿ. ಒಳಗೆ ಹಳೆಯ ಪತ್ರಿಕೆಯ ಹಾಳೆ ತುರುಕಿದರೆ ತೇವ ಹೀರುತ್ತದೆ, ಒಂದು ಗಂಟೆ ಬಿಟ್ಟು ಹಾಳೆ ಬದಲಿಸಿ. ಬಿಸಿಲಿಗೆ ಇಟ್ಟರೆ ಚರ್ಮ ಬಿರಿಯುತ್ತದೆ, ವಾಷಿಂಗ್ ಮೆಷಿನ್‌ಗೆ ಹಾಕಿದರೆ ಫೋಮ್ ಹಾಳು. ಪಟ್ಟಿ ಮಾತ್ರ ದಿನಾ ಒಗೆಯಬೇಕು, ಎರಡು ಜೊತೆ ಇಟ್ಟುಕೊಳ್ಳಿ. ಜಿಮ್‌ನಲ್ಲಿ ಎಲ್ಲರಿಗೂ ಅಂತ ನೇತುಹಾಕಿರುವ ಗ್ಲೌಸ್ ಹಾಕುವುದೇ ಆದರೆ ಪಟ್ಟಿಯಿಲ್ಲದೆ ಕೈ ತೂರಿಸಬೇಡಿ. ಹುಳುಕಡ್ಡಿ ಅಂಟುವುದು ಹಾಗೆಯೇ.

ವಾಪಸು ಹೊರಡುವಾಗ 16 ಔನ್ಸಿನ ಒಂದು ಜೊತೆ ಲಗೇಜಿನಲ್ಲಿ ಸುಮಾರು 900 ಗ್ರಾಂ, 10 ಔನ್ಸಿನದೂ ಸೇರಿದರೆ ಒಂದೂವರೆ ಕಿಲೋ. ಪೂರ್ತಿ ಒಣಗಿಸಿ, ಒಳಗೆ ಕಾಲುಚೀಲವನ್ನೋ ಬನಿಯನ್ನನ್ನೋ ತುಂಬಿ, ಸೂಟ್‌ಕೇಸಿನಲ್ಲಿ ಎಲ್ಲಕ್ಕಿಂತ ಮೇಲೆ ಇಡಿ. ಅಡಿಯಲ್ಲಿ ಸಿಕ್ಕಿ ಅಪ್ಪಚ್ಚಿಯಾದ ಫೋಮ್ ಮತ್ತೆ ಅದೇ ಆಕಾರಕ್ಕೆ ಬರುವುದು ಕಷ್ಟ.