ಗ್ರೀಸ್ ಹಾಕಿದ್ದೇ ತಪ್ಪಾಯ್ತು

ನವೆಂಬರ್ 23, 2025, ಭಾನುವಾರ
ಕುಂಬಳೆ

ಅಕ್ಕನ ಮಗನ ಎಡಗೈಯ ಬೆರಳ ಗಂಟುಗಳು ಊದಿಕೊಂಡಿವೆ. ಐಸ್ ಇಟ್ಟುಕೊಂಡು ಕೂತಿದ್ದಾನೆ. ಪೆಟ್ಟು ಕೊಟ್ಟದ್ದು ಅವನದೇ ರೀಲ್‌ನ, ಅಂದರೆ ಗಾಳದ ರಾಡ್‌ಗೆ ಕಟ್ಟಿ ನೂಲು ಸುತ್ತುವ ಯಂತ್ರದ, ಹಿಡಿ. ಮಾವ ಜಗಲಿಯ ಆ ತುದಿಯಲ್ಲಿ ಮಾತಿಲ್ಲದೆ ಕೂತಿದ್ದಾರೆ. ನಡುವೆ ನಾನು, ಕೈಯಲ್ಲಿ ಸ್ಕ್ರೂ ಡ್ರೈವರ್. ನನ್ನ ಭಾನುವಾರ ಹೀಗೆ ಹೋಯಿತು.

ಅಮಾವಾಸ್ಯೆ ಕಳೆದು ಮೂರು ದಿನ. ಇಂಥ ದಿನಗಳಲ್ಲಿ ಶಿರಿಯಾ ಹೊಳೆಯ ಅಳಿವೆಯಲ್ಲಿ ನೀರಿಗೆ ಒಳ್ಳೆ ಸೆಳೆತ. ಬೆಳಿಗ್ಗೆ ಇಳಿತ ಮುಗಿದು ನೀರು ಏರಲು ಶುರುವಾಗುವ ಹೊತ್ತಿಗೆ ಸೇತುವೆಯ ಕಂಬಗಳ ಬುಡದಲ್ಲಿ ಕೆಂಬೇರಿ ಮೀನು ಓಡಾಡುತ್ತದೆ ಎಂಬುದು ಮಾವನ ಲೆಕ್ಕ. ಲೆಕ್ಕ ಹತ್ತರಲ್ಲಿ ನಾಲ್ಕು ಸಲ ಸರಿ ಬರುತ್ತದೆ. ಆರೂವರೆಗೆ ಮೂವರೂ ಅಲ್ಲಿದ್ದೆವು. ಬಕೆಟ್‌ನಲ್ಲಿ ಜೀವ ಇರುವ ಎಟ್ಟಿ (ಸಿಗಡಿ), ಫ್ಲಾಸ್ಕ್‌ನಲ್ಲಿ ಚಾ.

ಮಾವನ ಕೈಯಲ್ಲಿ ಎಂದಿನ ರೀಲ್, ಪೆನ್ ಕಂಪನಿಯ 704ಝಡ್. 1985ರಲ್ಲಿ ಬಹ್ರೈನ್‌ನಿಂದ ರಜೆಗೆ ಬರುವಾಗ ತಂದದ್ದು. ಎಲ್ಲರೂ ಟೇಪ್ ರೆಕಾರ್ಡರ್ ತಂದರೆ ಇವರು ಇದನ್ನು ತಂದರು ಅಂತ ಅತ್ತೆ ಈಗಲೂ ಹೇಳುತ್ತಾರೆ. ಮೈಯ ಕಪ್ಪು ಬಣ್ಣ ಅಲ್ಲಲ್ಲಿ ಎದ್ದುಹೋಗಿದೆ. ಹಿಡಿ ತಿರುಗಿಸಿದರೆ ಒಳಗೆ ಗಿಯರ್ ಕಚ್ಚುವುದು ಬೆರಳಿಗೆ ಗೊತ್ತಾಗುತ್ತದೆ. ಬೀಸುವ ಕಲ್ಲಿನ ಹಾಗೆ, ಆದರೆ ನಿಲ್ಲುವುದಿಲ್ಲ. 40 ವರ್ಷದಿಂದ ನಿಂತಿಲ್ಲ.

ಹುಡುಗನದ್ದು ಎರಡು ವರ್ಷ ಹಳೇ 4000 ಸೈಜಿನ ಹೊಸ ಮಾದರಿ. ಕಂಪನಿ ಹೆಸರು ಬೇಡ, ಅದರ ತಪ್ಪಲ್ಲ ಇದು. ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿದ್ದೆವು. ಮಾವನದ್ದು 700 ಗ್ರಾಂ ದಾಟಿತು. ಅವನದ್ದು 300 ಮುಟ್ಟಲಿಲ್ಲ. ಅಂಗಳದಲ್ಲಿ ಟೇಪ್ ಹಿಡಿದು ಅಳೆದೂ ನೋಡಿದ್ದೆವು. ಮಾವನ ರೀಲ್‌ನ ಗಿಯರ್ ಲೆಕ್ಕ 3.8ಕ್ಕೆ 1. ಅಂದರೆ ಹಿಡಿ ಒಂದು ಸುತ್ತು ಬಂದರೆ ನೂಲು ಸುತ್ತುವ ಮುಂದಿನ ಭಾಗ, ರೋಟರ್, ನಾಲ್ಕು ಸುತ್ತಿಗೆ ಸ್ವಲ್ಪ ಕಮ್ಮಿ ತಿರುಗುತ್ತದೆ. ಮುಕ್ಕಾಲು ಮೀಟರ್ ನೂಲು ಒಳಗೆ ಬರುತ್ತದೆ. ಹುಡುಗನದ್ದು 6.2ಕ್ಕೆ 1, ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದು ಮೀಟರ್. ಪ್ಲಾಸ್ಟಿಕ್ ಮೀನು ಎಸೆದು ಜೋರಾಗಿ ಎಳೆಯುವ ಆಟಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಮಾವನಿಗೆ ಅದರ ಹಂಗಿಲ್ಲ. ಎಟ್ಟಿ ಇಳಿಸಿ ಬೀಡಿ ಹಚ್ಚುವವರಿಗೆ ವೇಗ ಎಂತಕ್ಕೆ?

ಏಳೂಮುಕ್ಕಾಲಿಗೆ ಹುಡುಗನಿಗೆ ಬಿತ್ತು. ಒಳ್ಳೆಯದೇ. ರಾಡ್ ಬಿಲ್ಲಾಯಿತು. ಕೆಂಬೇರಿ ಗಾಳ ಕಚ್ಚಿದ ಕೂಡಲೇ ತನ್ನ ಬಿಲಕ್ಕೆ ಓಡುತ್ತದೆ. ಇಲ್ಲಿ ಬಿಲ ಅಂದರೆ ಮುರು ಚಿಪ್ಪು ಹಿಡಿದ ಸೇತುವೆ ಕಂಬ. ಆ ಚಿಪ್ಪುಗಳು ಬ್ಲೇಡಿನ ಹಾಗೆ. ಅಲ್ಲಿಗೆ ಮುಟ್ಟುವ ಮೊದಲು ತಡೆಯಬೇಕು. ಹುಡುಗ ಡ್ರ್ಯಾಗ್, ಅಂದರೆ ಮೀನು ಎಳೆದಾಗ ನೂಲನ್ನು ತಡೆದು ತಡೆದು ಬಿಡುವ ಬ್ರೇಕ್, ಬಿಗಿ ಮಾಡಿದ, ರಾಡ್ ಎತ್ತಿದ. ಆಗ ಹಿಡಿ ಅವನ ಕೈಯಿಂದ ಜಾರಿ ಹಿಂದಕ್ಕೆ ಗಿರಗಿರ ತಿರುಗಿತು. ಹಿಂದಕ್ಕೆ ತಿರುಗಲೇಬಾರದ ಹಿಡಿ ಅದು. ಟಕಟಕ ಅಂತ ಗಂಟುಗಳಿಗೆ ಮೂರ್ನಾಲ್ಕು ಪೆಟ್ಟು. ನೂಲು ಸಡಿಲಾಯಿತು, ಮೀನು ಕಂಬದ ಆಚೆ ಹೋಯಿತು, ಆಮೇಲೆ ಏನೂ ಇಲ್ಲ. ನೂಲಿನ ತುದಿ ಎಳೆದು ನೋಡಿದರೆ ಹಲ್ಲಿನಿಂದ ಜಗಿದ ಹಾಗೆ ಎಳೆ ಎಳೆ.

"ನಾನು ಹೇಳಿದ್ದೆ" ಅಂದರು ಮಾವ. "ಹೊಸತೆಲ್ಲ ಅಂಗಡಿ ಗ್ಲಾಸಿನೊಳಗೆ ಚಂದ ಮಾರಾಯ. ಉಪ್ಪು ನೀರು ತಾಗಿದರೆ ಆಯ್ತು."

ಹುಡುಗ ಏನೂ ಹೇಳಲಿಲ್ಲ. ಬೆರಳು ನೆಕ್ಕಿಕೊಂಡ.

ಹನ್ನೊಂದಕ್ಕೆ ಮನೆಗೆ ಬಂದು ಜಗಲಿಯಲ್ಲಿ ಪೇಪರ್ ಹಾಸಿ ಎರಡೂ ರೀಲ್ ಬಿಚ್ಚಿದೆವು. ಮಾವನದ್ದು ಪಕ್ಕದ ಮುಚ್ಚಳ ತೆಗೆದರೆ ಮುಗಿಯಿತು, ಎಲ್ಲ ಕಾಣುತ್ತದೆ. ಹಿತ್ತಾಳೆ ಬಣ್ಣದ ದೊಡ್ಡ ಗಿಯರ್, ಅದರ ಸುತ್ತ ಹಳದಿ ಗ್ರೀಸ್. ಹಿಡಿ ಹಿಂದೆ ಬರದಂತೆ ತಡೆಯಲು ಹಲ್ಲಿನ ಚಕ್ರ, ಅದಕ್ಕೆ ಅಡ್ಡ ಬೀಳುವ ಒಂದು ಸಣ್ಣ ನಾಲಿಗೆ. ಬಾವಿ ರಾಟೆಗೆ ಕೊಕ್ಕೆ ಹಾಕಿದಂತೆ ಲೆಕ್ಕ. ಹಿಡಿ ಹಿಂದಕ್ಕೆ ತಿರುಗಿಸಿದರೆ ಸ್ವಲ್ಪ ಆಡುತ್ತದೆ, ಟಕ್ ಅಂತ ನಿಲ್ಲುತ್ತದೆ. ಆ ಸ್ವಲ್ಪ ಆಟವೇ ಹಳೇ ರೀಲ್‌ಗಳ ಮೇಲಿನ ದೂರು. ಮೀನು ಕಚ್ಚಿದಾಗ ಎಳೆದರೆ ಪೆಟ್ಟು ಒಂದು ಚೂರು ತಡವಾಗಿ ಮುಟ್ಟುತ್ತದೆ. ಹೊಸತರಲ್ಲಿ ಆ ಆಟವೇ ಇಲ್ಲ. ಅಲ್ಲಿ ಹಲ್ಲು, ನಾಲಿಗೆಯ ಬದಲು ಒಂದು ಬೇರಿಂಗ್. ಒಳಗೆ ಸೂಜಿಯಷ್ಟು ಸಪೂರದ ಉರುಳೆಗಳು. ಒಂದು ಕಡೆಗೆ ಸಲೀಸಾಗಿ ಉರುಳುತ್ತವೆ, ಇನ್ನೊಂದು ಕಡೆಗೆ ತಿರುಗಿಸಿದರೆ ಸಂದಿಯಲ್ಲಿ ಸಿಕ್ಕಿ ಆ ಕ್ಷಣಕ್ಕೇ ಬಿಗಿಯುತ್ತವೆ.

ಬಿಗಿಯಬೇಕಿತ್ತು. ಹುಡುಗನ ಬೇರಿಂಗ್ ತೆಗೆದು ನೋಡಿದರೆ ಉರುಳೆಗಳು ಕಾಣಲೇ ಇಲ್ಲ. ತುಂಬ ಗ್ರೀಸ್. ಮದುವೆ ಮನೆಯ ಹೋಳಿಗೆಗೆ ತುಪ್ಪ ಬಡಿಸಿದ ಹಾಗೆ.

"ಇದಕ್ಕೆ ಗ್ರೀಸ್ ಯಾರು ಹಾಕಿದ್ದು?" ಅಂತ ಕೇಳಿದೆ.

"ಅಜ್ಜ ಹೇಳಿದ್ರು" ಅಂದ.

ಜೂನ್‌ನಲ್ಲಿ ಮಳೆ ಹಿಡಿದಾಗ ಮಾವ ಪ್ರತಿ ವರ್ಷ ರೀಲ್ ಬಿಚ್ಚುತ್ತಾರೆ. ಚಿಮಿಣಿ ಎಣ್ಣೆಯಲ್ಲಿ ತೊಳೆದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಸಂದುಗೊಂದಿಗೆಲ್ಲ ಗ್ರೀಸ್ ತುಂಬಿ, ಬಟ್ಟೆಯಲ್ಲಿ ಸುತ್ತಿ ಮೇಲಿಡುತ್ತಾರೆ. 40 ವರ್ಷ ಆ ರೀಲ್ ಉಳಿದದ್ದು ಆ ಗ್ರೀಸಿನಿಂದಲೇ. ಈ ವರ್ಷ ಹುಡುಗನಿಗೂ ಹೇಳಿಕೊಟ್ಟರು. ಅವನು ಹೇಳಿದ ಮಾತು ಕೇಳುವವನು, ಪಾಪ, ಸಿಕ್ಕ ಸಿಕ್ಕಲ್ಲೆಲ್ಲ ಹಚ್ಚಿದ. ಗಿಯರಿಗೆ ಅದು ಸರಿ. ಆ ಬೇರಿಂಗಿಗೆ ಗ್ರೀಸ್ ವಿಷ. ಸಪೂರ ಎಣ್ಣೆ ಒಂದು ಹನಿ ಸಾಕು, ಜಾಸ್ತಿಯಾದರೆ ಉರುಳೆ ಕಚ್ಚುವ ಬದಲು ಜಾರುತ್ತದೆ. ಸುಮ್ನೆ ಕೈಯಲ್ಲಿ ತಿರುಗಿಸಿ ನೋಡಿದರೆ ಗೊತ್ತೂ ಆಗುವುದಿಲ್ಲ. ಮೀನಿನ ಭಾರ ಬಿದ್ದಾಗಲೇ ಗೊತ್ತಾಗುವುದು.

ಮಾವ ಸುಮ್ಮನಾದದ್ದು ಆಗಲೇ.

ಸ್ಪಿರಿಟ್‌ನಲ್ಲಿ ಬೇರಿಂಗ್ ತೊಳೆದೆ. ಒಣಗಿಸಿ, ಬೆಂಕಿಕಡ್ಡಿಯ ತುದಿಯಿಂದ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಟ್ಟೆ. ಹಿಡಿ ಗಟ್ಟಿಯಾಗಿ ನಿಂತಿತು. ಎಲ್ಲ ಜೋಡಿಸಿ ಆದ ಮೇಲೆ ಪೇಪರ್ ಮೇಲೆ ಕಾಗದದಷ್ಟು ತೆಳ್ಳಗಿನ ಒಂದು ಬಿಲ್ಲೆ ಉಳಿದಿತ್ತು. ಎಲ್ಲಿಯದ್ದು ಅಂತ ಗೊತ್ತಾಗದೆ ಮತ್ತೆ ಬಿಚ್ಚಿದ್ದಾಯಿತು. ಹೊಸ ರೀಲ್ ಬಗ್ಗೆ ನನ್ನ ತಕರಾರು ಇದೇ. ಗಟ್ಟಿ ಇಲ್ಲ ಅಂತಲ್ಲ. ಜಗಲಿಯಲ್ಲಿ ಕೂತು ರಿಪೇರಿ ಮಾಡುವವನನ್ನು ಅದು ಲೆಕ್ಕಕ್ಕೇ ಇಟ್ಟಿಲ್ಲ. ಮಾದರಿಯೂ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ, ಆಮೇಲೆ ಬಿಡಿಭಾಗಕ್ಕೆ ಅಲೆಯಬೇಕು.

ಹಾಗಂತ ಹಳೆಯದೇ ಮೇಲು ಅನ್ನಲು ನನ್ನಿಂದಾಗದು. ಅದಕ್ಕೂ ಕಾರಣ ಉಂಟು. ಹೋದ ತಿಂಗಳು ಹುಡುಗ ಮಾವನ ರೀಲ್‌ಗೆ ತನ್ನ ಹೆಣೆದ ನೂಲು ಸುತ್ತಿ ನೋಡಿದ್ದ. ಮಾವ ಹಾಕುವುದು 0.40 ಮಿಲಿಮೀಟರ್ ತಂಗೂಸ್, ಅಂದರೆ ಒಂಟಿ ಎಳೆಯ ನೈಲಾನ್ ನೂಲು. ಹುಡುಗನ ನೂಲು 0.235. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದಪ್ಪ ಅಷ್ಟೆ, ಆದರೂ ಶಕ್ತಿ ಕಮ್ಮಿಯಲ್ಲ. 1990ರ ದಶಕದಿಂದ ಈಚೆಗೆ ಬಳಕೆಗೆ ಬಂದ ನೂಲು ಅದು. ಮಾವನ ರೀಲ್ ಹುಟ್ಟಿದ್ದು ಅದಕ್ಕಿಂತ ಮುಂಚೆ. ಮೊದಲು ನೂಲಿನ ಸುರುಳಿ ಪೂರ್ತಿ ಸ್ಪೂಲ್ (ನೂಲು ಸುತ್ತಿಕೊಳ್ಳುವ ಉಂಡೆ) ಮೇಲೆ ಜಾರಿತು. ಬುಡದಲ್ಲಿ ನಾಲ್ಕು ಸುತ್ತು ತಂಗೂಸ್ ಹಾಕಿದ ಮೇಲೆ ಹಿಡಿದುಕೊಂಡಿತು. ಆಮೇಲೆ ಎಸೆದಾಗೆಲ್ಲ ಗಂಟು. ಐದನೇ ಸಲಕ್ಕೆ ಹಕ್ಕಿ ಗೂಡು.

ಅದಕ್ಕಿಂತ ದೊಡ್ಡ ವಿಷಯ ಡ್ರ್ಯಾಗ್. ಹಳೇ ಡ್ರ್ಯಾಗ್ ಮೊದಲ ಎಳೆತಕ್ಕೆ ಒಂದು ಕ್ಷಣ ಅಂಟಿಕೊಂಡು ಆಮೇಲೆ ಬಿಡುತ್ತದೆ. ತಂಗೂಸ್ ರಬ್ಬರಿನ ಹಾಗೆ ಹಿಗ್ಗುವುದರಿಂದ ಆ ಕ್ಷಣವನ್ನು ಅದೇ ನುಂಗಿಕೊಳ್ಳುತ್ತದೆ. ಹೆಣೆದ ನೂಲು ಹಿಗ್ಗುವುದೇ ಇಲ್ಲ. ಆ ಒಂದು ಕ್ಷಣದಲ್ಲಿ ತುಂಡಾಗುತ್ತದೆ, ಇಲ್ಲವೇ ಮೀನಿನ ಬಾಯಿಂದ ಗಾಳ ಕಿತ್ತು ಬರುತ್ತದೆ. ಡ್ರ್ಯಾಗ್‌ನ ಬಿಲ್ಲೆಗಳನ್ನು ಕಾರ್ಬನ್‌ನದ್ದಕ್ಕೆ ಬದಲಾಯಿಸಿದರೆ ಈ ಅಂಟು ತುಂಬ ಕಮ್ಮಿಯಾಗುತ್ತದೆ. ಮಾವ ಒಪ್ಪಲಿಲ್ಲ. "ನನ್ನ ನೂಲಿಗೆ ಇದು ಸಾಕು" ಅಂದರು. ಅದೂ ಸರಿಯೇ. ಅವರ ರೀಲ್, ಅವರ ತಂಗೂಸ್, ಅವರ ಎಟ್ಟಿ, ಮೂರೂ ಒಂದೇ ಕಾಲದವು.

ಆಲೋಚಿಸಿದರೆ ಮೂಲ ಉಪಾಯ ಎರಡರದ್ದೂ ಒಂದೇ. 1905ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಇಂಥ ರೀಲ್‌ಗೆ ಪೇಟೆಂಟ್ ಪಡೆದ. ಬಟ್ಟೆ ಗಿರಣಿಯ ಮನುಷ್ಯ. ಗಿರಣಿಯಲ್ಲಿ ಉಂಡೆ ತಿರುಗದೆ ನೂಲು ಮಾತ್ರ ತುದಿಯಿಂದ ಬಿಚ್ಚಿಕೊಳ್ಳುವುದನ್ನು ದಿನಾ ನೋಡುತ್ತಿದ್ದವನಿಗೆ ಅದು ಹೊಳೆಯಿತಂತೆ. 120 ವರ್ಷವಾದರೂ ಸ್ಪೂಲ್ ನಿಂತೇ ಇದೆ, ನೂಲು ಸುತ್ತ ಓಡುತ್ತಲೇ ಇದೆ. ಬದಲಾದದ್ದು ಬೇರಿಂಗ್, ನೂಲು, ತೂಕ.

ಸಂಜೆ ಎರಡೂ ರೀಲ್ ತೊಳೆದೆ. ಪೈಪಿನಿಂದ ಜೋರಾಗಿ ನೀರು ಬಿಟ್ಟರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಡ್ರ್ಯಾಗ್ ಬಿಗಿ ಮಾಡಿ ಚೊಂಬಿನಿಂದ ಮೆಲ್ಲಗೆ ಹೊಯ್ಯಬೇಕು, ಒಣಗಿದ ಮೇಲೆ ಡ್ರ್ಯಾಗ್ ಸಡಿಲ ಮಾಡಿ ಇಡಬೇಕು. ಈ ವಿಷಯದಲ್ಲಿ ಹಳೇದು ಹೊಸದು ಅಂತ ಭೇದ ಇಲ್ಲ.

ಕತ್ತಲಾಗುವಾಗ ಮಾವ ಬಂದು ಹುಡುಗನ ರಾಡ್ ಎತ್ತಿದರು. ಹಿಡಿ ತಿರುಗಿಸಿದರು. ಹಿಂದಕ್ಕೆ ಒತ್ತಿ ನೋಡಿದರು. ಬಲಗೈಯಲ್ಲಿ ಹಿಡಿದು ಎಸೆಯುವ ಹಾಗೆ ಎರಡು ಸಲ ಬೀಸಿದರು.

"ಬರುವ ಹುಣ್ಣಿಮೆಗೆ ಹೋಗುವಾಗ ಇದನ್ನು ನನಗೆ ಒಂದು ಗಂಟೆ ಕೊಡು" ಅಂದರು. "ಅದು ಭಾರ. ಎರಡು ವರ್ಷದಿಂದ ಭುಜ ನೋಯ್ತದೆ ಮಾರಾಯ, ಯಾರಿಗೂ ಹೇಳಿಲ್ಲ."

ಹುಡುಗ ಐಸ್ ಬಟ್ಟೆ ಬದಿಗಿಟ್ಟ. "ಗ್ರೀಸ್ ಡಬ್ಬಿ ಮನೆಯಲ್ಲೇ ಬಿಟ್ಟು ಬರ್ತೀರಾ?" ಅಂತ ಕೇಳಿದ.