ಮಧ್ಯಾಹ್ನ ಮೂರರ ಪೂಜೆ

ಮಂಗಳೂರಿನಲ್ಲಿ ಭಾನುವಾರದ ಪೂಜೆಗೆ ಯಾವ ಇಗರ್ಜಿ, ಎಷ್ಟು ಗಂಟೆಗೆ ಎಂದು ಆರಿಸಿಕೊಳ್ಳುವ ಸುಖವಿತ್ತು. ಈಗ ನಾನಿರುವ ಸ್ವೀಡನ್ ಕರ್ನಾಟಕದ ಎರಡು ಪಟ್ಟಿಗೂ ದೊಡ್ಡ ದೇಶ; ಕ್ಯಾಥೊಲಿಕರಿಗೆ ಇರುವುದು ಒಂದೇ ಧರ್ಮಪ್ರಾಂತ್ಯ (ಒಬ್ಬ ಧರ್ಮಾಧ್ಯಕ್ಷರ, ಅಂದರೆ ಬಿಷಪರ, ಆಡಳಿತದ ಪ್ರದೇಶ), ಸ್ಟಾಕ್‌ಹೋಮ್‌ನದು. ನಾನಿರುವ ಸಣ್ಣ ಊರಿನಲ್ಲಿ ನಮಗೆ ಸ್ವಂತ ಇಗರ್ಜಿಯೇ ಇಲ್ಲ. ಬೆಳಿಗ್ಗೆ ಪ್ರೊಟೆಸ್ಟಂಟ್ ಪಂಗಡದವರಾದ ಲುಥೆರನ್ನರ ಆರಾಧನೆ ಮುಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ ಅವರ ಚರ್ಚಿನಲ್ಲೇ ನಮ್ಮ ಪೂಜೆ.

ಫಾದರ್ ಕಾರಿನ ಡಿಕ್ಕಿಯಿಂದ ಸೂಟ್‌ಕೇಸ್ ಇಳಿಸುತ್ತಾರೆ. ಪೂಜಾಪಾತ್ರೆ, ಪೂಜೆಯ ಉಡುಪು, ರೊಟ್ಟಿ, ದ್ರಾಕ್ಷಾರಸ, ಗಂಟೆ ಎಲ್ಲವೂ ಅದರಲ್ಲೇ. ಪೋಲೆಂಡಿನ ಅಜ್ಜಿಯೊಬ್ಬರು ಬೆಂಚುಗಳ ಮೇಲೆ ನಮ್ಮ ಹಾಡಿನ ಪುಸ್ತಕ ಇಡುತ್ತಾ ಬರುತ್ತಾರೆ. ಅಷ್ಟು ಶ್ರಮವೂ ಬೇಕಿಲ್ಲ ಎನ್ನಿ: ಲುಥೆರನ್ ಪುಸ್ತಕದ ಮೊದಲ 325 ಹಾಡುಗಳು ನಮ್ಮ ಪುಸ್ತಕದಲ್ಲೂ ಇವೆ, ಅದೇ ಸಂಖ್ಯೆಯಲ್ಲಿ. ಅವರು ಬೆಳಿಗ್ಗೆ ಗೋಡೆಯ ಹಲಗೆಗೆ ಸಿಕ್ಕಿಸಿದ ಅಂಕಿಯನ್ನು ನಮ್ಮ ಆರ್ಗನ್ ನುಡಿಸುವವರು ಕೆಲವೊಮ್ಮೆ ತೆಗೆಯುವ ಗೋಜಿಗೇ ಹೋಗುವುದಿಲ್ಲ.

ಚರ್ಚು ಹದಿನೈದನೇ ಶತಮಾನದ್ದು, ಅಂದರೆ ಕಟ್ಟಿಸಿದವರು ಕ್ಯಾಥೊಲಿಕರೇ. ಬಾಡಿಗೆಗೆ ಬಂದು ನೋಡಿದರೆ ಅಜ್ಜನ ಮನೆ! 1527ರಲ್ಲಿ ದೊರೆ ಗುಸ್ತಾವ್ ವಾಸಾ ಕ್ಯಾಥೊಲಿಕ್ ಧರ್ಮಸಭೆಯ ಆಸ್ತಿಗೆ ಕೈಹಾಕಿದ; 1593ರ ಉಪ್ಸಾಲಾ ಸಮಾವೇಶದಲ್ಲಿ ಲುಥೆರನ್ ಮತ ಗಟ್ಟಿಯಾಗಿ ನೆಲೆಯೂರಿತು. 1858ರಲ್ಲೂ, ಕ್ಯಾಥೊಲಿಕರಾದ ತಪ್ಪಿಗೆ ಆರು ಮಹಿಳೆಯರನ್ನು ಗಡಿಪಾರು ಮಾಡಿದ ದೇಶವಿದು. ಧಾರ್ಮಿಕ ಸ್ವಾತಂತ್ರ್ಯದ ಕಾಯಿದೆ ಬಂದದ್ದು 1951ರಲ್ಲಿ, ಭಾರತದ ಸಂವಿಧಾನ ಜಾರಿಯಾದ ಮೇಲೆ.

ಆ ಕಾಲ ಹೋಯಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಲುಂಡ್‌ಗೆ ಬಂದು ಲುಥೆರನ್ನರ ಜೊತೆ ಪ್ರಾರ್ಥಿಸಿದರು. ಮರುವರ್ಷ ಕಾರ್ಡಿನಲ್ ಆದ ಇಲ್ಲಿನ ಧರ್ಮಾಧ್ಯಕ್ಷ ಆಂಡರ್ಸ್ ಆರ್ಬೊರೇಲಿಯಸ್ ತಾವೇ ಇಪ್ಪತ್ತರ ಹರೆಯದಲ್ಲಿ ಕ್ಯಾಥೊಲಿಕರಾದವರು. ನನ್ನ ಕಚೇರಿಯವರಿಗೆ ಕೊರಳಿನ ಜಪಸರ ಕಂಡರೆ ಏನೂ ಅನ್ನಿಸುವುದಿಲ್ಲ. ಪ್ರತಿ ಭಾನುವಾರವೂ ಚರ್ಚಿಗೆ ಹೋಗುತ್ತೇನೆಂದರೆ ಮಾತ್ರ ಹುಬ್ಬೇರುತ್ತದೆ. ದೇಶದ ಅರ್ಧಕ್ಕಿಂತ ಹೆಚ್ಚು ಜನ ಇಂದಿಗೂ ಲುಥೆರನ್ ಸಭೆಯ ಸದಸ್ಯರು, ಆದರೆ ಹೆಚ್ಚಿನವರು ಅತ್ತ ಸುಳಿಯುವುದು ಮದುವೆಗೆ, ಮಣ್ಣಿಗೆ. ನಮ್ಮ ಮೂರರ ಪೂಜೆಗೋ, ಇರಾಕಿನ ಕಲ್ದಾಯ ಕ್ಯಾಥೊಲಿಕರು, ಎರಿಟ್ರಿಯದವರು, ಫಿಲಿಪ್ಪೀನ್ಸಿನ ದಾದಿಯರು ಸೇರಿ ಹಿಂದಿನ ಸಾಲಿನವರು ನಿಂತೇ ಇರುತ್ತಾರೆ.

ಮಂಗಳೂರಿನವರಿಗೆ ನಂಬಲಾಗದ ಸಂಗತಿ ಇನ್ನೊಂದಿದೆ. ನಮ್ಮಲ್ಲಿ ವಾರ್ಡಿನ ಗುರಿಕಾರರು ಮನೆಮನೆಗೆ ಬಂದು ವಂತಿಗೆ ಎತ್ತುತ್ತಾರಲ್ಲ, ಇಲ್ಲಿ ಆ ಕೆಲಸ ತೆರಿಗೆ ಇಲಾಖೆಯದು. ಸದಸ್ಯರ ಆದಾಯದಿಂದ ಶೇಕಡಾ 1ರಷ್ಟನ್ನು ಮುರಿದುಕೊಂಡು ಧರ್ಮಪ್ರಾಂತ್ಯಕ್ಕೆ ತಲುಪಿಸುತ್ತದೆ. ಅದಕ್ಕೆ ಧರ್ಮಕೇಂದ್ರದಲ್ಲಿ ಹೆಸರು ನೋಂದಾಯಿಸಿರಬೇಕು. ನಿಂತು ಪೂಜೆ ಕೇಳುವವರಲ್ಲಿ ಅನೇಕರು ಅದನ್ನು ಮಾಡಿಸಿಲ್ಲ, ಫಾದರ್ ಕೊನೆಯ ಪ್ರಕಟಣೆಯಲ್ಲಿ ಅದನ್ನು ಹೇಳದೆ ಬಿಡುವುದಿಲ್ಲ.