ಪ್ರಿಂಟ್ ತಾನೇ, ಯಾಕಿಷ್ಟು ದುಡ್ಡು?

ನಾನು ಕೈಯಿಂದ ಅಚ್ಚು ಒತ್ತಿ ಚಿತ್ರ, ಅಂದರೆ ಪ್ರಿಂಟ್ ಮಾಡುವವನು ಅಂತ ಗೊತ್ತಾದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, "ಇದು ಪ್ರಿಂಟ್ ತಾನೇ, ಒರಿಜಿನಲ್ ಅಲ್ವಲ್ಲ, ಯಾಕಿಷ್ಟು ರೇಟು?" ಇನ್ನೊಂದು, "ಬರೀ ಗೆರೆ, ಬಣ್ಣ ಇದೆ, ಏನಿದರ ಅರ್ಥ?" ಎರಡಕ್ಕೂ ಉತ್ತರ ಪ್ಲೇಟಿನಲ್ಲೇ, ಅಂದರೆ ಅಚ್ಚಿಗಾಗಿ ಕೊರೆದ ತಗಡು-ಹಲಗೆಯಲ್ಲೇ ಇದೆ.

ಮೊದಲು ಒರಿಜಿನಲ್ ವಿಷಯ. ಇಂಥ ಪ್ರಿಂಟಿಗೆ ಬೇರೆ ಮೂಲ ಚಿತ್ರ ಅಂತ ಇರುವುದೇ ಇಲ್ಲ. ಎಲ್ಲೋ ಒಂದು ಪೇಂಟಿಂಗ್ ಇದ್ದು, ಅದರ ಫೋಟೊ ತೆಗೆದು ಅಚ್ಚು ಹಾಕಿದ್ದಲ್ಲ. ಸತುವಿನ ತಗಡನ್ನೋ ಮರದ ಹಲಗೆಯನ್ನೋ ಕೊರೆದು, ಶಾಯಿ ಹಚ್ಚಿ, ಕಾಗದ ಹಾಸಿ, ಒತ್ತಿ ತೆಗೆದಾಗಲೇ ಚಿತ್ರ ಹುಟ್ಟುವುದು. 25 ಪ್ರತಿ ಇದ್ದರೆ ಇಪ್ಪತ್ತೈದೂ ಒರಿಜಿನಲ್.

ಪ್ರಿಂಟ್ ಕಲಾವಿದ ಕೃಷ್ಣಾ ರೆಡ್ಡಿಯವರ ಕೆಲಸ ನೋಡಿ. 1925ರಲ್ಲಿ ನಮ್ಮ ಪಕ್ಕದ ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿದವರು, ಶಾಂತಿನಿಕೇತನದಲ್ಲಿ ಕಲಿತು ಪ್ಯಾರಿಸ್ಸಿಗೆ ಹೋದವರು. ಅಲ್ಲಿ ಹೇಟರ್ ಎಂಬ ಕಲಾವಿದರ 'ಅತೆಲಿಯೇ 17' ಸ್ಟುಡಿಯೋದಲ್ಲಿ ಒಂದೇ ಪ್ಲೇಟಿನಿಂದ ಒಂದೇ ಸಲಕ್ಕೆ ಹಲವು ಬಣ್ಣ ತೆಗೆಯುವ ವಿಸ್ಕಾಸಿಟಿ ವಿಧಾನ ಬೆಳೆಸಿದವರಲ್ಲಿ ಅವರೂ ಒಬ್ಬರು. ಪ್ಲೇಟನ್ನು ಬೇರೆ ಬೇರೆ ಆಳಕ್ಕೆ ಕೊರೆಯಬೇಕು. ತೀರಾ ಆಳದ ಗೆರೆಗಳಿಗೆ ಒಂದು ಶಾಯಿ ತುಂಬಿ ಮೇಲಿನದನ್ನು ಒರೆಸಬೇಕು. ಆಮೇಲೆ ಎಣ್ಣೆ ಜಾಸ್ತಿ ಬೆರೆಸಿದ ತೆಳು ಶಾಯಿಯನ್ನು ಗಟ್ಟಿ ರೋಲರಿನಲ್ಲಿ ಉರುಳಿಸಿದರೆ ಅದು ಮೇಲ್ಮೈಗೆ ಮಾತ್ರ ಅಂಟುತ್ತದೆ. ಅದರ ಮೇಲೆ ಎಣ್ಣೆ ಕಮ್ಮಿ ಇರುವ ದಪ್ಪ ಶಾಯಿಯನ್ನು ಮೆತ್ತನೆ ರೋಲರಿನಲ್ಲಿ ಉರುಳಿಸಿದರೆ ರೋಲರ್ ಹಳ್ಳಕ್ಕೂ ಇಳಿಯುತ್ತದೆ. ಆದರೆ ಎಣ್ಣೆ ಶಾಯಿ ಇರುವ ಕಡೆ ದಪ್ಪ ಶಾಯಿ ಕೂರುವುದಿಲ್ಲ, ಹಾಗಾಗಿ ಎರಡೂ ಬಣ್ಣ ಬೆರೆಯದೆ ಪಕ್ಕಪಕ್ಕ ನಿಲ್ಲುತ್ತವೆ. ಒಂದು ಪ್ರತಿ ಬಂತಾ? ಇನ್ನೊಂದಕ್ಕೆ ಇಷ್ಟನ್ನೂ ಮತ್ತೆ ಮೊದಲಿಂದ ಮಾಡಬೇಕು. ಎಣ್ಣೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ಬಣ್ಣ ಬೇರೆಯೇ ಆಗುತ್ತದೆ.

ಕೆಳಗೆ ಎಡಕ್ಕೆ ಪೆನ್ಸಿಲಿನಲ್ಲಿ 7/25 ಅಂತ ಬರೆದಿರುತ್ತದಲ್ಲ, ಅದರರ್ಥ ಇಪ್ಪತ್ತೈದರಲ್ಲಿ ಏಳನೆಯದು. 1/25 ಸಿಕ್ಕರೆ ಶ್ರೇಷ್ಠ ಅಂದುಕೊಳ್ಳಬೇಡಿ, ನಂಬರ್ ಹಾಕಿದ ಕ್ರಮವೂ ಅಚ್ಚು ತೆಗೆದ ಕ್ರಮವೂ ಒಂದೇ ಆಗಿರಬೇಕು ಅಂತೇನಿಲ್ಲ. ಆದರೆ ಡ್ರೈಪಾಯಿಂಟಿನಲ್ಲಿ, ಅಂದರೆ ಚೂಪು ಸೂಜಿಯಿಂದ ನೇರ ಗೀಚಿದ ತಗಡಿನಲ್ಲಿ, ಪ್ಲೇಟು ಬೇಗ ಸವೆಯುತ್ತದೆ, ಮೊದಮೊದಲ ಪ್ರತಿಗಳ ಗೆರೆ ತುಂಬಾ ಮೃದುವಾಗಿ, ಗಾಢವಾಗಿ ಬರುತ್ತದೆ. ಉಳಿದಂತೆ ಆ ಸಂಖ್ಯೆ ಕಲಾವಿದ ಕೊಡುವ ಮಾತು, ಇಷ್ಟರ ಮೇಲೆ ತೆಗೆಯುವುದಿಲ್ಲ ಅಂತ. ಎಷ್ಟೋ ಜನ ಕೊನೆಗೆ ಪ್ಲೇಟಿನ ಮೇಲೆ ಅಡ್ಡಗೆರೆ ಎಳೆದು ಹಾಳು ಮಾಡಿಬಿಡುತ್ತಾರೆ.

ಇನ್ನು ಅರ್ಥ. ಇಲ್ಲಿ ನನಗೆ ಯಾವಾಗಲೂ ನೆನಪಾಗುವುದು ಕಲಾವಿದೆ ಜರೀನಾ ಅವರ 2001ರ ಮರದಚ್ಚು, 'ಡಿವೈಡಿಂಗ್ ಲೈನ್'. ಅಲಿಗಢದಲ್ಲಿ 1937ರಲ್ಲಿ ಹುಟ್ಟಿದವರು, ದೇಶ ಒಡೆದ ಮೇಲೆ ಅವರ ಕುಟುಂಬ ಪಾಕಿಸ್ತಾನಕ್ಕೆ ಹೋಯಿತು. ಚಿತ್ರದಲ್ಲಿ ಇರುವುದು ಸೊಟ್ಟಗೆ ಹರಿಯುವ ಒಂದು ಕಪ್ಪು ಗೆರೆ, ಅಷ್ಟೇ. ಅದು ಭಾರತ-ಪಾಕಿಸ್ತಾನದ ಗಡಿ ಅಂತ ಗೊತ್ತಿಲ್ಲದಿದ್ದರೂ ಹತ್ತಿರ ಹೋಗಿ ನೋಡಿ. ಗೆರೆಯ ಸುತ್ತ ಉಳಿ ಆಡಿದ ಗುರುತುಗಳು ಚುಕ್ಕೆ ಚುಕ್ಕೆಯಾಗಿ ಉಳಿದಿವೆ. ಮರದಚ್ಚಿನಲ್ಲಿ ಕಪ್ಪು ಗೆರೆ ಬೇಕೆಂದರೆ ಗೆರೆಯನ್ನು ಕೊರೆಯುವುದಲ್ಲ, ಗೆರೆಯೊಂದನ್ನು ಬಿಟ್ಟು ಎರಡೂ ಬದಿಯ ಮರವನ್ನೆಲ್ಲ ಕೆತ್ತಿ ತೆಗೆಯಬೇಕು. ಗಡಿ ಉಳಿಯಿತು, ಅದರ ಆಚೀಚೆ ಇದ್ದದ್ದು ಹೋಯಿತು. ಪೆನ್ನಿನಲ್ಲಿ ಎಳೆದಿದ್ದರೆ ಈ ಮಾತು ಅಲ್ಲಿ ಬರುತ್ತಲೇ ಇರಲಿಲ್ಲ. ಎಲ್ಲ ಅಮೂರ್ತ ಪ್ರಿಂಟಿಗೂ ಹೀಗೆ ಹಿಂದೊಂದು ಕತೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಏನನ್ನು ಕೊರೆದರು, ಏನನ್ನು ಬಿಟ್ಟರು, ಎಲ್ಲಿ ಜೋರಾಗಿ ಒತ್ತಿದರು ಅಂತ ನೋಡುತ್ತಾ ಹೋದರೆ ಕಣ್ಣಿಗೆ ದಾರಿ ಸಿಗುತ್ತದೆ.

ಕೊಳ್ಳಲು ಹೊರಟವರಿಗೆ ಒಂದು ಮಾತು. ಕಂಪ್ಯೂಟರಿನಿಂದ ತೆಗೆದ ಪೇಂಟಿಂಗಿನ ನಕಲಿಗೂ 1/500 ಅಂತ ಬರೆದು ಸಹಿ ಹಾಕಿ ಮಾರುತ್ತಾರೆ. ಸುಮ್ನೆ ನಂಬರ್ ನೋಡಿ ದುಡ್ಡು ಕೊಡಬೇಡಿ. ಯಾವ ವಿಧಾನ, ಎಷ್ಟು ಪ್ರತಿ, ಅಚ್ಚು ತೆಗೆದವರು ಯಾರು ಅಂತ ಕೇಳಿ. ಎಚಿಂಗ್ ಅಂತ, ಅಂದರೆ ಆಸಿಡ್ಡಿನಲ್ಲಿ ಕೊರೆದ ತಗಡಿನ ಅಚ್ಚು ಅಂತ ಹೇಳಿದರೆ, ಕಾಗದದ ಮೇಲೆ ಪ್ಲೇಟಿನ ಅಂಚು ಒತ್ತಿದ ಗುರುತು ಸಾಮಾನ್ಯವಾಗಿ ಕಾಣುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಕಲೇ ಆಗಿದ್ದು, ನಿಮಗೆ ಇಷ್ಟವಾದರೆ ಧಾರಾಳವಾಗಿ ತಗೊಳ್ಳಿ, ಪೋಸ್ಟರಿನ ರೇಟಿಗೆ.